ಅಣೆಕಟ್ಟೆಯ ಬುಡದಲ್ಲಿ ಭಾರ ಮತ್ತು ಬಾಗುವಿಕೆಯ ಲೆಕ್ಕ

ಕೃಷ್ಣರಾಜಸಾಗರದ ನೀರಿನ ಮಟ್ಟ 124.80 ಅಡಿ ಮುಟ್ಟಿತೆಂಬ ಸುದ್ದಿ ನಾಡಿಗೆ ನೆಮ್ಮದಿ ತರುತ್ತದೆ. ಕಟ್ಟೆಯ ಮೇಲಿನ ಹೊರೆ ಅತ್ಯಧಿಕವಾಗುವುದೂ ಜಲಾಶಯ ತುಂಬಿದಾಗಲೇ. ಕಟ್ಟೆಯ ತೂಕ ಬುಡವನ್ನು ಕೆಳಕ್ಕೆ ಅದುಮುತ್ತದೆ. ನೀರು ಕಟ್ಟೆಯನ್ನು ಹೊರಬದಿಗೆ ಬಾಗಿಸಲು ಯತ್ನಿಸುತ್ತದೆ. ಹೀಗೆ ಸ್ವಂತ ತೂಕದಿಂದಲೇ ನೀರನ್ನು ತಡೆಯುವ ರಚನೆಯನ್ನು ಗುರುತ್ವ ಅಣೆಕಟ್ಟೆ ಎನ್ನುತ್ತಾರೆ. ಇದರ ಭದ್ರತೆ ತಿಳಿಯಲು ಈ ಎರಡೂ ಪರಿಣಾಮಗಳನ್ನು ಕೂಡಿಸಿ ನೋಡಬೇಕಾಗುತ್ತದೆ.

ಲೆಕ್ಕದ ಕ್ರಮ

ನೀರಿನ ಬದಿ ನೇರವಾಗಿರುವ, ತ್ರಿಕೋನಾಕಾರದ, 30 ಮೀಟರ್ ಎತ್ತರ ಹಾಗೂ 24 ಮೀಟರ್ ಬುಡದ ಕಟ್ಟೆಯೊಂದನ್ನು ಊಹಿಸಿಕೊಳ್ಳಬಹುದು. ಘನ ಮೀಟರಿಗೆ 2.4 ಟನ್‌ನಂತೆ, ಒಂದು ಮೀಟರ್ ಉದ್ದದ ಭಾಗದ ತೂಕ 864 ಟನ್. ಇದನ್ನು 24ರಿಂದ ಭಾಗಿಸಿದರೆ ಸರಾಸರಿ ಒತ್ತಡ ಚದರ ಮೀಟರಿಗೆ 36 ಟನ್.

ತುಂಬಿದ ನೀರಿನ ತಳ್ಳುವಿಕೆ 450 ಟನ್; ಅದು ಬುಡದಿಂದ 10 ಮೀಟರ್ ಮೇಲೆ ವರ್ತಿಸುತ್ತದೆ. ಆದ್ದರಿಂದ ಬಾಗಿಸುವ ಪರಿಣಾಮ, ಅಂದರೆ ಬೆಂಡಿಂಗ್ ಮೊಮೆಂಟ್, 4,500 ಟನ್-ಮೀಟರ್. ಕಟ್ಟೆಯ ತೂಕ ಬುಡದ ನಡುವಿನಿಂದ 4 ಮೀಟರ್ ನೀರಿನ ಬದಿಗೆ ಬೀಳುವುದರಿಂದ 3,456 ಟನ್-ಮೀಟರ್‌ನಷ್ಟನ್ನು ಎದುರಿಸುತ್ತದೆ. ಉಳಿದ 1,044ನ್ನು ಬುಡದ ಸೆಕ್ಷನ್ ಮಾಡ್ಯುಲಸ್ ಆದ 96ರಿಂದ ಭಾಗಿಸಿದರೆ ಸುಮಾರು 11 ಟನ್ ದೊರೆಯುತ್ತದೆ. ಇದನ್ನು ಹೊರ ಅಂಚಿನಲ್ಲಿ ಕೂಡಿಸಬೇಕು, ನೀರಿನ ಬದಿಯ ಅಂಚಿನಲ್ಲಿ ಕಳೆಯಬೇಕು. ಫಲಿತಾಂಶ ಕ್ರಮವಾಗಿ 47 ಮತ್ತು 25 ಟನ್. ಎರಡೂ ಕಡೆ ಒತ್ತಡವೇ ಇರುವುದರಿಂದ ಕಟ್ಟೆ ಭದ್ರವೆಂದು ತೋರುತ್ತದೆ.

ಮರೆತರೆ ಅಪಾಯ

ಆದರೆ ಬುಡದ ಬಿರುಕುಗಳಿಗೆ ನುಗ್ಗಿದ ನೀರು ಕಟ್ಟೆಯನ್ನು ಮೇಲಕ್ಕೂ ಎತ್ತುತ್ತದೆ. 30 ಮೀಟರ್ ಆಳದಲ್ಲಿ ಈ ಒತ್ತಡ ಚದರ ಮೀಟರಿಗೆ 30 ಟನ್. ನೀರಿನ ಬದಿಯ 25ರಿಂದ ಇದನ್ನು ಕಳೆದರೆ 5 ಟನ್‌ಗಳ ಎಳೆತ ಉಳಿಯುತ್ತದೆ. ಕಲ್ಲುಗಾರೆಯು ಅದುಮುವಿಕೆಯನ್ನು ತಾಳಬಲ್ಲದು, ಎಳೆತವನ್ನು ತಾಳಲಾರದು. ಬಿರುಕು ಹಿಗ್ಗಿದಷ್ಟೂ ನೀರು ಒಳನುಗ್ಗುತ್ತದೆ.

ಫ್ರಾನ್ಸಿನ ಎಪಿನಾಲ್ ಸಮೀಪದ ಬೂಜೆ ಅಣೆಕಟ್ಟೆಯ ವಿನ್ಯಾಸದಲ್ಲಿ ಈ ಮೇಲೆತ್ತುವ ಒತ್ತಡವನ್ನು ಪರಿಗಣಿಸಿರಲಿಲ್ಲ. 1884ರಲ್ಲಿ ಅದರ ಒಂದು ಭಾಗ ಮುಂದಕ್ಕೆ ಸರಿಯಿತು. ದುರಸ್ತಿಯ ನಂತರವೂ 1895ರ ಏಪ್ರಿಲ್ 27ರಂದು ಅದು ಒಡೆದು, 80ಕ್ಕೂ ಹೆಚ್ಚು ಜನ ಮೃತಪಟ್ಟರು. ನೀರಿನ ಬದಿಯ ಅದುಮುವಿಕೆ ಆ ಆಳದ ನೀರಿನ ಒತ್ತಡಕ್ಕಿಂತ ಕಡಿಮೆಯಿರಬಾರದೆಂದು ಎಂಜಿನಿಯರ್ ಮೌರಿಸ್ ಲೆವಿ ಅದೇ ವರ್ಷ ಪ್ರತಿಪಾದಿಸಿದರು.

ಇಂದಿನ ವಿಧಾನ

ಭಾರತೀಯ ಮಾನಕ ಐಎಸ್ 6512 ಮೇಲೆತ್ತುವ ಒತ್ತಡವನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಬುಡವನ್ನು ಅಗಲಗೊಳಿಸುವುದು ಮತ್ತು ಕಟ್ಟೆಯೊಳಗಿನ ಸುರಂಗಗಳ ಮೂಲಕ ಸೋರಿದ ನೀರನ್ನು ಹೊರಹಾಕುವುದು ಇದಕ್ಕೆ ಪರಿಹಾರಗಳು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಂತೆ ಮುಂಗಾರಿಗೆ ಮೊದಲು ಹಾಗೂ ನಂತರ ತಪಾಸಣೆ ಕಡ್ಡಾಯ. ಸೋರಿಕೆ ಹಠಾತ್ತನೆ ಹೆಚ್ಚಿದರೆ ಅಥವಾ ಬಸಿಗಾಲುವೆ ಕಟ್ಟಿಕೊಂಡರೆ ಬುಡದ ಲೆಕ್ಕವನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ.