ಶೇವಿಂಗ್ ಬ್ರಷ್ ಕೊಳ್ಳುವ ಮುನ್ನ: ಎಳೆ ಯಾವುದು, ಬೆಲೆ ಎಷ್ಟು, ಬಾಳಿಕೆ ಹೇಗೆ

ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನಮ್ಮ ಮನೆಗಳಲ್ಲಿ ಮಕ್ಕಳೂ ನೋಡುತ್ತಾರೆ. ಬೆಲ್ಟು, ಪರ್ಸು, ಚಪ್ಪಲಿ ಕೊಳ್ಳುವಾಗ ಚರ್ಮದ್ದೋ ರೆಕ್ಸಿನ್ನೋ ಎಂದು ಕೇಳುತ್ತಾರೆ. ಆದರೆ ಗಂಡಸರು ದಿನಾ ಬೆಳಿಗ್ಗೆ ಮುಖಕ್ಕೆ ಉಜ್ಜಿಕೊಳ್ಳುವ ಶೇವಿಂಗ್ ಬ್ರಷ್ಷಿನ ಎಳೆ ಯಾವುದರದ್ದು ಎಂದು ಕೇಳುವವರು ಕಡಿಮೆ. ಬ್ರಷ್ ಪೊಟ್ಟಣದ ಮೇಲೆ ಹಸಿರು ಚುಕ್ಕೆಯೂ ಸಾಮಾನ್ಯವಾಗಿ ಇರುವುದಿಲ್ಲ.

ಫೋಮ್ ಡಬ್ಬಿ ಮತ್ತು ಜೆಲ್ ಬಂದ ಮೇಲೆ ಬ್ರಷ್ ಸ್ವಲ್ಪ ಕಾಲ ಮೂಲೆ ಸೇರಿತ್ತು. ಈಗ ಹಳೆಯ ಕಾಲದ ಎರಡು ಅಲಗಿನ ಬ್ಲೇಡಿನ ರೇಜರ್ ಜೊತೆಗೆ ಅದೂ ವಾಪಸು ಬರುತ್ತಿದೆ. ಒಂದು ಕ್ರೀಮ್ ಟ್ಯೂಬ್ ಬ್ರಷ್ಷಿನಲ್ಲಿ ಬಳಸಿದರೆ ತಿಂಗಳುಗಟ್ಟಲೆ ಬರುತ್ತದೆ, ಬ್ಲೇಡ್ ಅಗ್ಗ, ಕಸವೂ ಕಡಿಮೆ. ಗಿರಿನಗರ, ಹನುಮಂತನಗರ, ಕತ್ರಿಗುಪ್ಪೆಯ ಕಡೆ ಫ್ಯಾನ್ಸಿ ಸ್ಟೋರಿನಲ್ಲಿ ಅಥವಾ ಗಾಂಧಿ ಬಜಾರಿನಲ್ಲಿ ಕೇಳಿದರೆ ನೂರು ರೂಪಾಯಿ ಆಸುಪಾಸಿನ ಬ್ರಷ್ ಸಿಗುತ್ತದೆ. ಆನ್‌ಲೈನಿನಲ್ಲಿ ಹುಡುಕಿದರೆ ಸಾವಿರಾರು ರೂಪಾಯಿಯದ್ದೂ ಇದೆ. ದುಬಾರಿಯದ್ದು ಒಳ್ಳೆಯದು ಎಂದುಕೊಂಡು ಕೊಂಡವರ ಕೈಗೆ ಬರುವುದು ಬಹುತೇಕ ಪ್ರಾಣಿಯ ಕೂದಲು.

ಕೂದಲು ಯಾವ ಯಾವ ಪ್ರಾಣಿಯದ್ದು

ಬ್ರಷ್‌ಗೆ ಬಳಸುವ ಪ್ರಾಣಿಯ ಕೂದಲು ಮುಖ್ಯವಾಗಿ ಮೂರು ಬಗೆ. ಇಂಗ್ಲಿಷಿನಲ್ಲಿ ‘ಬೋರ್’ ಎಂದು ಬರೆದಿದ್ದರೆ ಅದು ಹಂದಿಯ ಬಿರುಗೂದಲು. ಬರೀ ‘ಬ್ರಿಸಲ್’ ಅಥವಾ ‘ನ್ಯಾಚುರಲ್ ಬ್ರಿಸಲ್’ ಎಂದಿದ್ದರೂ ಹೆಚ್ಚಿನ ಪಾಲು ಅದೇ. ಇದು ಹಂದಿ ಮಾಂಸದ ಉದ್ಯಮದಿಂದ ಬರುವ ಉಪವಸ್ತು. ನಮ್ಮ ದೇಶದಲ್ಲೂ ಕಾನ್ಪುರ ಹಿಂದಿನಿಂದ ಹಂದಿ ಕೂದಲಿನ ವ್ಯಾಪಾರಕ್ಕೆ ಹೆಸರಾದ ಊರು.

ಎರಡನೆಯದು ಬ್ಯಾಜರ್. ಇದು ನೆಲದಲ್ಲಿ ಬಿಲ ತೋಡಿಕೊಂಡಿರುವ, ಮುಖದ ಮೇಲೆ ಕಪ್ಪು ಬಿಳುಪು ಪಟ್ಟೆಯಿರುವ ಪ್ರಾಣಿ. ಬ್ರಿಟನ್ನಿನಲ್ಲಿ 1992ರ ಕಾಯ್ದೆಯಡಿ ಇದಕ್ಕೆ ರಕ್ಷಣೆ ಇದೆ. ಹಾಗಾಗಿ ‘ಇಂಗ್ಲಿಷ್ ಬ್ರಷ್’ ಎಂದು ಮಾರುವವುಗಳ ಕೂದಲೂ ಹೆಚ್ಚಾಗಿ ಚೀನಾದಿಂದ ಬರುವಂಥದ್ದು. ‘ಪ್ಯೂರ್’, ‘ಬೆಸ್ಟ್’, ‘ಸೂಪರ್’, ‘ಸಿಲ್ವರ್‌ಟಿಪ್’ ಎಂಬ ದರ್ಜೆಗಳು ಈ ಕೂದಲಿನವು. 2018ರಲ್ಲಿ ಪೆಟಾ ಏಷ್ಯಾ ಸಂಸ್ಥೆ ಚೀನಾದಲ್ಲಿ ಬ್ಯಾಜರ್‌ಗಳನ್ನು ಸಣ್ಣ ತಂತಿ ಪಂಜರಗಳಲ್ಲಿಟ್ಟು ಸಾಕಿ ಕೊಲ್ಲುವುದನ್ನು ಚಿತ್ರೀಕರಿಸಿ ಹೊರಗೆ ತಂದಿತು. ಅದಾದ ಮೇಲೆ ಹಲವು ಕಂಪನಿಗಳು ಬ್ಯಾಜರ್ ಬ್ರಷ್ ಮಾರುವುದನ್ನು ನಿಲ್ಲಿಸಿದವು. ಕುರಿಯ ಉಣ್ಣೆ ಕತ್ತರಿಸಿದಂತೆ ಇದನ್ನು ಕತ್ತರಿಸಿಕೊಳ್ಳುತ್ತಾರೆ ಎಂದು ಭಾವಿಸಿದವರಿದ್ದಾರೆ. ಅದು ತಪ್ಪು ತಿಳಿವಳಿಕೆ.

ಮೂರನೆಯದು ಕುದುರೆಯ ಕೂದಲು. ಬಾಲ ಮತ್ತು ಕುತ್ತಿಗೆಯ ಕೂದಲನ್ನು ಬದುಕಿರುವ ಕುದುರೆಯಿಂದಲೂ ಕತ್ತರಿಸಬಹುದು ಎಂಬುದು ನಿಜ. ಆದರೆ ಅಂಗಡಿಯಲ್ಲಿ ಕೈಗೆ ಬಂದ ಬ್ರಷ್ಷಿನದ್ದು ಬದುಕಿದ್ದ ಕುದುರೆಯದ್ದೋ ಕಸಾಯಿಖಾನೆಯದ್ದೋ ಎಂದು ತಿಳಿಯುವ ದಾರಿಯಿಲ್ಲ.

ಕೂದಲಿನ ವಿಷಯದಲ್ಲಿ ಹೆಸರು ನಂಬಬಾರದು ಎಂಬುದಕ್ಕೆ ಹಳೆಯ ಉದಾಹರಣೆಯೂ ಉಂಟು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ಯಾಜರ್ ಕೂದಲು ಬರುತ್ತಿದ್ದ ದಾರಿಗಳು ಮುಚ್ಚಿದಾಗ, ಕುದುರೆ ಕೂದಲನ್ನು ಬ್ಯಾಜರಿನಂತೆ ಕಾಣಿಸಿ ಅಗ್ಗದ ಬ್ರಷ್ ಮಾಡಿದರು. ಸರಿಯಾಗಿ ಶುದ್ಧ ಮಾಡದ ಆ ಕೂದಲಿನಿಂದ ಇಂಗ್ಲೆಂಡ್, ಅಮೆರಿಕಗಳಲ್ಲಿ ಸೈನಿಕರಿಗೂ ಸಾಮಾನ್ಯ ಜನರಿಗೂ ಮುಖದ ಮೇಲೆ ಆಂಥ್ರಾಕ್ಸ್ ರೋಗ ಬಂತು. ಈಗ ಕೂದಲನ್ನು ಶುದ್ಧೀಕರಿಸುವುದರಿಂದ ಆ ಭಯವಿಲ್ಲ. ಬಣ್ಣ ಕಟ್ಟಿ ಒಂದನ್ನು ಇನ್ನೊಂದೆಂದು ತೋರಿಸುವ ಜಾಣತನ ಮಾತ್ರ ಹೋಗಿಲ್ಲ.

ಶ್ರಾವಕರಿಗೆ ಇದು ಹೊಸ ಪ್ರಶ್ನೆಯೇನಲ್ಲ. 12ನೇ ಶತಮಾನದಲ್ಲಿ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕ ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ‘ದಂತವಾಣಿಜ್ಯ’ ಎಂಬುದರ ಕೆಳಗೆ ಹಲ್ಲು ಮಾತ್ರವಲ್ಲ, ಕೂದಲು, ಉಗುರು, ಮೂಳೆ, ಚರ್ಮಗಳ ವ್ಯಾಪಾರವನ್ನೂ ಸೇರಿಸಿದ್ದಾರೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ನಮ್ಮಲ್ಲಿ ಒಟ್ಟಿಗೇ ಹೇಳುತ್ತಾರೆ. ಕೊಳ್ಳುವವನು ಪ್ರಾಣಿಯನ್ನು ಮುಟ್ಟಿಲ್ಲದಿರಬಹುದು, ಆದರೆ ಅವನ ಹಣ ಮುಂದಿನ ಪ್ರಾಣಿಯ ಲೆಕ್ಕಕ್ಕೆ ಸೇರುತ್ತದೆ. ದಿಗಂಬರ ಮುನಿಗಳ ಪಿಂಚಿಗೂ ನವಿಲು ತಾನಾಗಿ ಉದುರಿಸಿದ ಗರಿಯೇ ಆಗಬೇಕು ಎಂಬ ಎಚ್ಚರ ಇರುವ ಸಮಾಜ ನಮ್ಮದು. ಮುನಿಗಳು ಕೇಶಲೋಚ ಮಾಡುವವರು, ಅವರಿಗೆ ಬ್ರಷ್ಷಿನ ಹಂಗಿಲ್ಲ. ಇದು ಪೂರಾ ಗೃಹಸ್ಥರ ವಿಷಯ.

ಸಿಂಥೆಟಿಕ್ ಬ್ರಷ್ ಈಗ ಮೊದಲಿನಂತಿಲ್ಲ

‘ನೈಲಾನ್ ಬ್ರಷ್ ಚುಚ್ಚುತ್ತದೆ, ನೊರೆ ನಿಲ್ಲುವುದಿಲ್ಲ’ ಎಂಬುದು ಹಿರಿಯರ ಮಾತು. ಅವರ ಕಾಲದ ಬ್ರಷ್‌ಗೆ ಅದು ಸರಿಯೇ. ಆ ಎಳೆಗಳು ದಪ್ಪ, ನೇರ, ತುದಿ ಕತ್ತರಿಸಿದಂತೆ ಮೊಂಡು. ಇಂದಿನ ಒಳ್ಳೆಯ ಕೃತಕ ಎಳೆಗಳು ಕೂದಲಿನಷ್ಟೇ ಸಪೂರ, ತುದಿಯಲ್ಲಿ ಸೂಜಿಯಂತೆ ಸಣ್ಣದಾಗುತ್ತಾ ಹೋಗುತ್ತವೆ, ಕೆಲವಕ್ಕೆ ನಡುವೆ ಸಣ್ಣ ಅಲೆಯೂ ಇರುತ್ತದೆ. ಆ ಅಲೆಗಳ ಸಂದಿಯಲ್ಲಿ ನೊರೆ ನಿಲ್ಲುತ್ತದೆ. ತುದಿ ಸಪೂರವಾದ ಹಲ್ಲಿನ ಬ್ರಷ್‌ಗಳಲ್ಲಿ ಬಳಸುವ ಪಿಬಿಟಿ ಎಂಬ ಪ್ಲಾಸ್ಟಿಕ್ಕೇ ಇವುಗಳಲ್ಲೂ ಇರುವುದುಂಟು.

ಹಂದಿ ಕೂದಲನ್ನು ಬಳಸುವ ಮುನ್ನ ನೀರಿನಲ್ಲಿ ನೆನೆಸಬೇಕು, ಹದಕ್ಕೆ ಬರಲು ವಾರಗಳು ಬೇಕು, ಹೊಸದರಲ್ಲಿ ವಾಸನೆಯೂ ಇರುತ್ತದೆ. ಕೃತಕ ಎಳೆ ನೀರು ಹೀರುವುದಿಲ್ಲ. ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ, ಬೇಗ ಒಣಗುತ್ತದೆ, ಕ್ರೀಮನ್ನೂ ಕಡಿಮೆ ತಿನ್ನುತ್ತದೆ. ಹಾಗಾಗಿ ಅಹಿಂಸೆಗಾಗಿ ಸುಖ ಬಿಡುವ ಪ್ರಶ್ನೆ ಇಲ್ಲಿಲ್ಲ. ಬೆಲೆ, ಬಾಳಿಕೆ, ಧರ್ಮ ಮೂರೂ ಒಂದೇ ಕಡೆ ಇರುವ ಅಪರೂಪದ ಸಾಮಾನು ಇದು.

ಗುರುತಿಸುವುದು ಹೇಗೆ

ಬ್ರ್ಯಾಂಡ್ ನೋಡಿ ತೀರ್ಮಾನಿಸಲು ಬರುವುದಿಲ್ಲ. ಇಟಲಿಯ ಒಮೆಗಾ ಕಂಪನಿ ಹಂದಿ ಕೂದಲಿನದ್ದನ್ನೂ ಮಾಡುತ್ತದೆ, ಕೃತಕ ಎಳೆಯದ್ದನ್ನೂ ಮಾಡುತ್ತದೆ. ‘ಸಿಲ್ವರ್‌ಟಿಪ್ ಬ್ಯಾಜರ್’ ಎಂದರೆ ಪ್ರಾಣಿಯದ್ದು, ಆದರೆ ಜರ್ಮನಿಯ ಮ್ಯೂಲೆ ಕಂಪನಿಯ ‘ಸಿಲ್ವರ್‌ಟಿಪ್ ಫೈಬರ್’ ಕೃತಕ. ಬಣ್ಣವಂತೂ ಪೂರಾ ಮೋಸ: ಬ್ಯಾಜರಿನಂತೆಯೇ ಬಿಳಿ ತುದಿ, ಕಪ್ಪು ಪಟ್ಟೆ, ಬೂದು ಬುಡ ಎಲ್ಲವನ್ನೂ ಕೃತಕ ಎಳೆಗೆ ಹಾಕುತ್ತಾರೆ. ಪೊಟ್ಟಣದ ಮೇಲೆ ಸಿಂಥೆಟಿಕ್, ನೈಲಾನ್, ಫೈಬರ್, ವೀಗನ್ ಇವುಗಳಲ್ಲಿ ಒಂದು ಪದ ಸ್ಪಷ್ಟವಾಗಿ ಇರಬೇಕು. ‘ಸಾಫ್ಟ್ ಹೇರ್’, ‘ಪ್ರೀಮಿಯಂ ಬ್ರಿಸಲ್’ ಎಂದಷ್ಟೇ ಇದ್ದರೆ ಬಿಡುವುದೇ ಲೇಸು.

ಮನೆಯಲ್ಲಿ ಈಗಾಗಲೇ ಇರುವ ಬ್ರಷ್ಷಿನ ಬಗ್ಗೆ ಸಂಶಯವಿದ್ದರೆ ಒಂದೇ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ ನೋಡಬಹುದು. ಪ್ರಾಣಿಯ ಕೂದಲಾದರೆ ತಲೆಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ಎಳೆಯಾದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಆರಿದ ಮೇಲೆಯೇ ಮುಟ್ಟಬೇಕು.

ಹಿಡಿಯನ್ನೂ ಮರೆಯಬಾರದು. ಎಳೆ ಸಿಂಥೆಟಿಕ್ ಆಗಿದ್ದರೂ ಹಿಡಿ ಕೊಂಬಿನದ್ದೋ ಮೂಳೆಯದ್ದೋ ಇರುವ ‘ಆಂಟಿಕ್’ ಮಾದರಿಗಳಿವೆ.

ಅಂಗಡಿಯಲ್ಲಿ ನೋಡಬೇಕಾದ್ದು

ಎಳೆಗಳ ಗೊಂಚಲು ಹಿಡಿಗೆ ಸೇರುವ ಜಾಗದಲ್ಲಿ 22ರಿಂದ 24 ಮಿಲಿಮೀಟರ್ ಅಗಲ ಇದ್ದರೆ ಮುಖಕ್ಕೆ ಸಾಕು. 20ಕ್ಕಿಂತ ಕಡಿಮೆಯಾದರೆ ನೊರೆ ಸಾಲದು. 26ರ ಮೇಲೆ ಹೋದರೆ ಮೀಸೆ, ಮೂಗಿನ ಕೆಳಗೆ ಆಡಿಸಲು ಕಷ್ಟ, ಕ್ರೀಮ್ ಕೂಡ ವ್ಯರ್ಥ. ಎಳೆಗಳ ಉದ್ದ 50 ಮಿಲಿಮೀಟರ್ ಆಸುಪಾಸು ಇರಲಿ. ಅಗಲ ಅಷ್ಟೇ ಇದ್ದು ಉದ್ದ ಹೆಚ್ಚಾದಂತೆ ಬ್ರಷ್ ಜೋಲುತ್ತದೆ.

ತುದಿಯನ್ನು ಮುಂಗೈಯ ಹಿಂಬದಿಗೆ ಒತ್ತಿ ನೋಡಬೇಕು. ಅಂಗೈ ದಪ್ಪ ಚರ್ಮ, ಅಲ್ಲಿ ಚುಚ್ಚುವುದು ಗೊತ್ತಾಗುವುದಿಲ್ಲ. ಎಳೆಗಳನ್ನು ನಡುವೆ ಬಿಡಿಸಿದರೆ ಒಳಗೆ ಟೊಳ್ಳು ಕಾಣಬಾರದು. ಅಗ್ಗದ ಬ್ರಷ್‌ಗಳಲ್ಲಿ ಸುತ್ತ ಮಾತ್ರ ಎಳೆ ಕಟ್ಟಿ ನಡುವೆ ಖಾಲಿ ಬಿಟ್ಟಿರುತ್ತಾರೆ. ಬುಡದಲ್ಲಿ ಅಂಟು ಬಿರುಕಿಲ್ಲದೆ ಕೂತಿರಬೇಕು. ಮೆಲ್ಲಗೆ ಎಳೆದಾಗ ಒಂದೆರಡು ಎಳೆ ಬಂದರೆ ಚಿಂತೆಯಿಲ್ಲ, ಹೊಸ ಬ್ರಷ್ಷಿನಲ್ಲಿ ಅದು ಇದ್ದದ್ದೇ. ಐದಾರು ಬಂದರೆ ವಾಪಸು ಕೊಡುವುದು. ಹಿಡಿ ಒದ್ದೆ ಬೆರಳಿಗೆ ಜಾರದಂತಿರಲಿ. ಮರದ ಹಿಡಿ ನೋಡಲು ಚೆಂದ, ಆದರೆ ಬಿಸಿಲು ಬೀಳದ ಬಚ್ಚಲುಮನೆಯಲ್ಲಿ ಮಳೆಗಾಲದಲ್ಲಿ ಉಬ್ಬಿ ಬಿರುಕು ಬಿಡುತ್ತದೆ.

ಬೆಲೆಯ ಲೆಕ್ಕ ವ್ಯಾಪಾರಿಯ ಲೆಕ್ಕದಂತೆ ಹಾಕಬೇಕು. ನೂರು ರೂಪಾಯಿಯ ಬ್ರಷ್ ಎಂಟು ತಿಂಗಳಿಗೆ ಎಳೆ ಉದುರಿಸಿದರೆ ವರ್ಷಕ್ಕೆ ನೂರೈವತ್ತು ಬಿತ್ತು. ಐನೂರು ರೂಪಾಯಿಯದ್ದು ಐದು ವರ್ಷ ಬಂದರೆ ವರ್ಷಕ್ಕೆ ನೂರು. ಹೊಸದಾಗಿ ಶುರು ಮಾಡುವ ಹುಡುಗರಿಗೆ ಅಗ್ಗದ್ದು ಸಾಕು, ಅವರು ಮುಂದುವರಿಸುತ್ತಾರೋ ಇಲ್ಲವೋ ಗೊತ್ತಿರುವುದಿಲ್ಲ. ದಿನಾ ಶೇವ್ ಮಾಡುವವರಿಗೆ ಮುನ್ನೂರರಿಂದ ಏಳುನೂರರೊಳಗಿನ ಸಿಂಥೆಟಿಕ್ ಬ್ರಷ್ ಸರಿಯಾದ ಮಧ್ಯಮ ದಾರಿ. ಅದರ ಮೇಲಿನ ಹಣ ಹೆಚ್ಚಾಗಿ ಹಿಡಿಯ ಅಂದಕ್ಕೆ ಹೋಗುತ್ತದೆ.

ನೀರು ಮತ್ತು ಸೋಪು

ಬ್ರಷ್ ಸರಿಯಿಲ್ಲ, ನೊರೆ ಬರುತ್ತಿಲ್ಲ ಎಂಬ ದೂರಿನಲ್ಲಿ ಹಲವು ಸಲ ತಪ್ಪು ನೀರಿನದ್ದು. ಗಿರಿನಗರ, ಬನಶಂಕರಿಯ ಅನೇಕ ಮನೆಗಳಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಒಂದೇ ಟ್ಯಾಂಕಿಗೆ ಬೀಳುತ್ತವೆ. ಬೋರ್ ನೀರಿನ ಗಡಸುತನ ಸೋಪಿನ ನೊರೆಯನ್ನು ಒಡೆದು ಬಿಳಿ ಜಿಡ್ಡು ಮಾಡುತ್ತದೆ. ಅದು ಎಳೆಗಳ ಬುಡದಲ್ಲಿ ಕೂತು ಬ್ರಷ್ ಗಡುಸಾಗುತ್ತದೆ. ಶೇವಿಂಗ್‌ಗೆ ಒಂದು ಲೋಟ ಶೋಧಿಸಿದ ಕುಡಿಯುವ ನೀರು ತೆಗೆದುಕೊಂಡರೆ ಸಾಕು. ನಲ್ಲಿ ಬಿಟ್ಟುಕೊಂಡು ಶೇವ್ ಮಾಡುವ ಅಭ್ಯಾಸವೂ ಇದರಿಂದ ತಪ್ಪುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದ ಬೆಂಗಳೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಜಿಡ್ಡು ಕೂತ ಬ್ರಷ್ಷನ್ನು ತಿಂಗಳಿಗೊಮ್ಮೆ ನಿಂಬೆರಸ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೊಳೆದರೆ ಮೆತ್ತಗಾಗುತ್ತದೆ. ಕುದಿಯುವ ನೀರು ಹಾಕಬಾರದು, ಬುಡದ ಅಂಟು ಸಡಿಲವಾಗುತ್ತದೆ.

ಕ್ರೀಮ್ ಹುರಿಗಡಲೆಯ ಗಾತ್ರದಷ್ಟು ಸಾಕು. ಒದ್ದೆ ಬ್ರಷ್ಷನ್ನು ಒಮ್ಮೆ ಜಾಡಿಸಿ, ಕೆನ್ನೆಯ ಮೇಲೆ ಸುತ್ತುತ್ತಾ ಹನಿ ಹನಿ ನೀರು ಸೇರಿಸಬೇಕು. ಒತ್ತಿ ತಿಕ್ಕಿದರೆ ಎಳೆ ಮುರಿಯುತ್ತದೆ.

ಬ್ರಷ್ ಸರಿಯಾಗಿದ್ದು ಸೋಪು ತಪ್ಪಿದರೆ ಏನು ಬಂತು? ವಿದೇಶದ ಹಲವು ಶೇವಿಂಗ್ ಸೋಪುಗಳು ಇಂದಿಗೂ ದನ, ಕುರಿಯ ಕೊಬ್ಬಿನಿಂದ ಆದವು. ಡಬ್ಬಿಯ ಹಿಂಬದಿಯ ಇಂಗ್ಲಿಷ್ ಪಟ್ಟಿಯಲ್ಲಿ ‘ಟ್ಯಾಲೋ’, ‘ಸೋಡಿಯಂ ಟ್ಯಾಲೋವೇಟ್’, ‘ಪೊಟ್ಯಾಸಿಯಂ ಟ್ಯಾಲೋವೇಟ್’ ಎಂಬ ಹೆಸರಿದ್ದರೆ ಅದು ಕೊಬ್ಬು. ‘ಲ್ಯಾನೋಲಿನ್’ ಕುರಿ ಉಣ್ಣೆಯ ಜಿಡ್ಡು. ‘ಸ್ಟಿಯರಿಕ್ ಆಸಿಡ್’ ತಾಳೆ ಎಣ್ಣೆಯಿಂದಲೂ ಬರುತ್ತದೆ, ಕೊಬ್ಬಿನಿಂದಲೂ ಬರುತ್ತದೆ. ಆ ಹೆಸರೊಂದರಿಂದ ತಿಳಿಯದು, ಅದರ ಜೊತೆ ಹಸಿರು ಚುಕ್ಕೆ ಇದೆಯೇ ನೋಡಬೇಕು.

ಒಣಗಿಸುವುದು

ಬಳಸಿದ ಮೇಲೆ ಬ್ರಷ್ಷನ್ನು ಚೆನ್ನಾಗಿ ತೊಳೆದು, ಜಾಡಿಸಿ, ಒಣ ಟವೆಲಿನ ಮೇಲೆ ಎರಡು ಸಲ ಆಡಿಸಿ, ಗಾಳಿಯಾಡುವ ಕಿಟಕಿಯ ಬಳಿ ನಿಲ್ಲಿಸಬೇಕು. ನೇತುಹಾಕುವ ಸ್ಟ್ಯಾಂಡ್ ಇದ್ದರೆ ಸರಿ, ಇಲ್ಲದಿದ್ದರೂ ನಷ್ಟವಿಲ್ಲ. ಒದ್ದೆ ವಸ್ತುವಿನಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ ಎಂದು ಬೇಗ ಒಣಗಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಮೊದಲಿನಿಂದ ಇದೆ. ಬೂಷ್ಟು ಹಿಡಿಯದಂತೆ ಕಾಯಲೂ ಅದೇ ಉಪಾಯ. ಒದ್ದೆ ಬ್ರಷ್ಷನ್ನು ಮುಚ್ಚಳದ ಡಬ್ಬಿಗೆ ಹಾಕಿ ಯಾತ್ರೆಗೆ ಹೊರಡುವುದು ಬೇಡ. ಸಲೂನಿಗೆ ಹೋಗುವವರು ಸ್ವಂತ ಬ್ರಷ್ ಒಯ್ಯುವುದು ಎರಡು ಲೆಕ್ಕದಲ್ಲಿ ಒಳ್ಳೆಯದು: ಅಲ್ಲಿಯದು ಯಾವ ಎಳೆಯೋ ತಿಳಿಯದು, ಎಷ್ಟು ಮುಖಕ್ಕೆ ತಾಗಿದೆಯೋ ಅದೂ ತಿಳಿಯದು.

ಉಡುಗೊರೆಯಾಗಿ ಬಂದದ್ದು, ಅಂಗಡಿಯಲ್ಲಿ ಉಳಿದದ್ದು

ಹೊರದೇಶದಿಂದ ಬರುವ ಮಗನೋ ಅಳಿಯನೋ ಪ್ರೀತಿಯಿಂದ ದುಬಾರಿ ಬ್ಯಾಜರ್ ಬ್ರಷ್ ತಂದುಕೊಡುವುದುಂಟು. ಗೊತ್ತಿಲ್ಲದೆ ತಂದವರನ್ನು ಎಲ್ಲರ ಮುಂದೆ ಬೈಯುವುದರಿಂದ ಪ್ರಯೋಜನವಿಲ್ಲ, ಎಳೆ ಯಾವುದೆಂದು ತಿಳಿಸಿ ಹೇಳಿದರೆ ಮುಂದಿನ ಸಲ ಅವರೇ ನೋಡಿ ತರುತ್ತಾರೆ. ಇದ್ದದ್ದನ್ನು ಏನು ಮಾಡುವುದು ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಎಸೆದರೆ ಪ್ರಾಣಿ ಮರಳಿ ಬರುವುದಿಲ್ಲ ಎಂದು ಸವೆಯುವವರೆಗೆ ಬಳಸುವವರಿದ್ದಾರೆ, ಮುಖಕ್ಕೆ ತಾಗಿಸಲು ಮನಸ್ಸು ಒಪ್ಪದೆ ತೆಗೆದಿಡುವವರಿದ್ದಾರೆ. ಅದು ಅವರವರ ಮನಸ್ಸಿಗೆ ಬಿಟ್ಟದ್ದು. ಅದನ್ನು ಇನ್ನೊಬ್ಬರಿಗೆ ಮಾರಿ ಹಣ ಮಾಡಿಕೊಳ್ಳುವುದು ಮಾತ್ರ ಸರಿಯಲ್ಲ.

ಚಿಕ್ಕಪೇಟೆ, ಮಾಮೂಲ್‌ಪೇಟೆಯಿಂದ ಸಗಟು ಮಾಲು ತರುವ ಸಮಾಜದ ಅಂಗಡಿಯವರು ಡಜನ್ ಲೆಕ್ಕದಲ್ಲಿ ಬ್ರಷ್ ಎತ್ತುವಾಗ ಎಳೆ ಯಾವುದೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಬಹುದು. ಕೊಡುವವರು ಹಿಂದೇಟು ಹಾಕಿದರೆ ಉತ್ತರ ಸಿಕ್ಕಂತೆಯೇ. ಗೋಡೆಗೆ ಬಣ್ಣ ಹೊಡೆಯುವ ಬ್ರಷ್, ಚಪಾತಿಗೆ ತುಪ್ಪ ಸವರುವ ಅಡುಗೆಮನೆಯ ಬ್ರಷ್‌ಗಳಲ್ಲೂ ಹಂದಿ ಕೂದಲಿನವು ಮಾರುಕಟ್ಟೆಯಲ್ಲಿವೆ. ಅಡುಗೆಮನೆಗೆ ಸಿಲಿಕೋನ್ ಬ್ರಷ್ ತಂದರೆ ಬಿಸಿ ತವಾದ ಮೇಲೂ ನಡೆಯುತ್ತದೆ, ತೊಳೆಯುವುದೂ ಸುಲಭ.