ಗ್ಯಾಲೆನ್ ಕೊಯ್ದ ಕೋತಿ

ಗದ್ದದ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಸವರಿ ನೋಡಿ. ನಡುವೆ ಎಲ್ಲಿಯೂ ಬಿರುಕು ಸಿಗುವುದಿಲ್ಲ. ಮನುಷ್ಯನ ಕೆಳದವಡೆ ಒಂದೇ ಮೂಳೆ. ಹುಟ್ಟುವಾಗ ಅದು ಎರಡು ಹೋಳಾಗಿರುತ್ತದೆ, ನಿಜ. ಮಗುವಿಗೆ ವರ್ಷ ತುಂಬುವ ಸುಮಾರಿಗೆ ನಡುವಿನ ಮೆದು ಅಂಗಾಂಶ ಮೂಳೆಯಾಗಿ, ಎರಡೂ ಬೆಸೆದುಕೊಳ್ಳುತ್ತವೆ. ಕುರಿಯಲ್ಲಿ ಹಾಗಾಗುವುದಿಲ್ಲ. ತಲೆಮಾಂಸ ಬೇಯಿಸಿ ಬಲ್ಲವರಿಗೆ ಇದು ಗೊತ್ತು: ಚೆನ್ನಾಗಿ ಬೆಂದ ಮೇಲೆ ಕುರಿಯ ಕೆಳದವಡೆ ಮುಂಭಾಗದಲ್ಲಿ ಎರಡಾಗಿ ಬಿಟ್ಟುಕೊಳ್ಳುತ್ತದೆ. ಹೋಳುಗಳನ್ನು ಹಿಡಿದಿಟ್ಟಿದ್ದು ಮೆದುಮೂಳೆ ಮತ್ತು ನಾರು. ಆ ನಾರಿನಲ್ಲಿರುವ ಕೊಲಾಜೆನ್ ಕುದಿಯುವ ನೀರಿನಲ್ಲಿ ಕರಗುತ್ತದೆ. ಕಾಲುಸೂಪು ತಣ್ಣಗಾದಾಗ ಗಟ್ಟಿಯಾಗುವುದೂ ಅದರಿಂದಲೇ.

ಕ್ರಿ.ಶ. 2ನೆಯ ಶತಮಾನದಲ್ಲಿ ಗ್ಯಾಲೆನ್ ಎಂಬ ವೈದ್ಯ ಮನುಷ್ಯನ ಕೆಳದವಡೆಯಲ್ಲಿ ಎರಡು ಮೂಳೆಗಳಿವೆ ಎಂದು ಬರೆದ. ಯುರೋಪು ಮತ್ತು ಅರಬ್ ಜಗತ್ತಿನ ವೈದ್ಯರು 1300 ವರ್ಷಗಳಿಗೂ ಹೆಚ್ಚು ಕಾಲ ಅದನ್ನೇ ಓದಿದರು, ಅದನ್ನೇ ಕಲಿಸಿದರು. ಅವರೆಲ್ಲರಿಗೂ ಸ್ವಂತ ಗದ್ದವಿತ್ತು.

ಗ್ಯಾಲೆನ್ ಹುಟ್ಟಿದ್ದು 129ರಲ್ಲಿ, ಇಂದಿನ ಟರ್ಕಿಯಲ್ಲಿರುವ ಪೆರ್ಗಮಮ್ ನಗರದಲ್ಲಿ. ಮೊದಲು ಅಲ್ಲಿನ ಗ್ಲಾಡಿಯೇಟರ್‌ಗಳಿಗೆ ವೈದ್ಯನಾಗಿದ್ದ. ಸೀಳಿದ ತೊಡೆ, ಹರಿದ ಸ್ನಾಯು, ಹೊರಗೆ ಕಾಣುವ ಕೀಲು, ಇವೆಲ್ಲ ಅವನಿಗೆ ದಿನನಿತ್ಯದ ನೋಟ. ಆಮೇಲೆ ರೋಮಿಗೆ ಹೋಗಿ ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ಆಸ್ಥಾನ ವೈದ್ಯನಾದ. ಆದರೆ ಮನುಷ್ಯನ ಹೆಣವನ್ನು ಕೊಯ್ದು ನೋಡುವ ಅವಕಾಶ ಅಲ್ಲಿರಲಿಲ್ಲ. ಹೀಗಾಗಿ ಅವನು ಹಂದಿ, ಎತ್ತು, ಆಡು, ನಾಯಿಗಳನ್ನು ಕೊಯ್ದ. ಎಲ್ಲಕ್ಕಿಂತ ಮಿಗಿಲಾಗಿ ಉತ್ತರ ಆಫ್ರಿಕಾದ ಬಾಲವಿಲ್ಲದ ಬಾರ್ಬರಿ ಕೋತಿಯನ್ನು ಕೊಯ್ದ. ಕೋತಿಯನ್ನು ಆರಿಸುವುದು ಹೇಗೆಂದೂ ಬರೆದಿಟ್ಟ: ದವಡೆ ಗಿಡ್ಡವಾಗಿರಬೇಕು, ಕೋರೆಹಲ್ಲು ಸಣ್ಣದಿರಬೇಕು, ನೋಡಲು ಮನುಷ್ಯನಿಗೆ ಆದಷ್ಟು ಹತ್ತಿರವಿರಬೇಕು. ಕುತ್ತಿಗೆ ಹಿಸುಕಿ ಕೊಂದರೆ ಗಂಟಲಿನ ಭಾಗಗಳು ಜಜ್ಜಿಹೋಗುವುದರಿಂದ ನೀರಿನಲ್ಲಿ ಮುಳುಗಿಸಿ ಕೊಲ್ಲಬೇಕು. ಓದಲು ಹಿತವಾದ ಸಂಗತಿಯಲ್ಲ. ಆದರೆ ಕೆಲಸದಲ್ಲಿ ಅವನಿಗಿದ್ದ ಶಿಸ್ತು ಇದರಲ್ಲಿ ಕಾಣುತ್ತದೆ.

ಗ್ಯಾಲೆನ್ ಸುಳ್ಳುಗಾರನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ತಾನು ಕೋತಿಯನ್ನು ಕೊಯ್ಯುತ್ತಿದ್ದೇನೆಂದು ಅವನೇ ಬರೆದಿದ್ದಾನೆ. ಮನುಷ್ಯನ ಮೂಳೆ ಕಣ್ಣಿಗೆ ಬಿದ್ದರೆ ಬಿಡಬೇಡಿ, ಸಾಧ್ಯವಾದರೆ ಅಸ್ಥಿಪಂಜರ ತೋರಿಸಿ ಕಲಿಸುವ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಎಂದು ಶಿಷ್ಯರಿಗೆ ಹೇಳುತ್ತಾನೆ. ನದಿ ಗೋರಿಯಿಂದ ಕೊಚ್ಚಿ ತಂದ ಹೆಣವೊಂದನ್ನು, ಬೆಟ್ಟದ ದಾರಿಯಲ್ಲಿ ಹಕ್ಕಿಗಳು ತಿಂದು ಮುಗಿಸಿದ ದರೋಡೆಕೋರನ ಅಸ್ಥಿಯನ್ನು ತಾನು ನೋಡಿದ ಬಗೆಯನ್ನು ಹುರುಪಿನಿಂದ ವರ್ಣಿಸುತ್ತಾನೆ. ತಪ್ಪು ಅವನದ್ದಕ್ಕಿಂತ ಹೆಚ್ಚಾಗಿ ಅವನನ್ನು ಓದಿದವರದ್ದು. 'ಹೋಗಿ ನೋಡಿ' ಎಂಬ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರು ಬಾಯಿಪಾಠ ಮಾಡಿದರು.

ಭಾರತದಲ್ಲಿ ಸುಶ್ರುತ ಸಂಹಿತೆ ಬೇರೆಯೇ ದಾರಿ ಹೇಳುತ್ತದೆ: ಹೆಣವನ್ನು ಹುಲ್ಲಿನಲ್ಲಿ ಸುತ್ತಿ ಏಳು ರಾತ್ರಿ ನದಿಯಲ್ಲಿ ಇಟ್ಟು, ಕೊಳೆತ ಪದರಗಳನ್ನು ಕುಂಚದಿಂದ ಒಂದೊಂದಾಗಿ ಉಜ್ಜಿ ತೆಗೆಯುತ್ತ ನೋಡಬೇಕು. ಹಲ್ಲು, ಮೆದುಮೂಳೆಗಳನ್ನೂ ಸೇರಿಸಿ ಅಲ್ಲಿ ಸಿಗುವ ಎಣಿಕೆ 300. ಇಂದಿನ ಲೆಕ್ಕ 206. ಎಣಿಕೆಗಿಂತ ಕೀಲುಗಳಿಗೆ ಅಲ್ಲಿ ಇಟ್ಟ ಹೆಸರುಗಳು ಸೊಗಸು. ತೊಡೆಯ ಕೀಲು 'ಉಲೂಖಲ', ಎಂದರೆ ಒರಳು. ತಲೆಬುರುಡೆಯ ಕೂಡುಗೆರೆ 'ತುನ್ನಸೇವನಿ', ಬಟ್ಟೆಯ ಹೊಲಿಗೆ.

ಗ್ಯಾಲೆನ್‌ನ ದವಡೆಯನ್ನು ಮೊದಲು ಪ್ರಶ್ನಿಸಿದವನು ಬಾಗ್ದಾದಿನ ಅಬ್ದುಲ್ ಲತೀಫ್. 1200ರಲ್ಲಿ ನೈಲ್ ನದಿ ಉಕ್ಕಲಿಲ್ಲ, ಈಜಿಪ್ಟಿನಲ್ಲಿ ಭೀಕರ ಬರ ಬಿತ್ತು. ಹೂಳುವವರಿಲ್ಲದೆ ಹೆಣಗಳು ಬಯಲಲ್ಲಿ ರಾಶಿ ಬಿದ್ದವು. ಆಗ ಅಲ್ಲಿ ವೈದ್ಯಶಾಸ್ತ್ರ ಕಲಿಸುತ್ತಿದ್ದ ಈತ ಕೈರೋ ಬಳಿಯ ಅಲ್-ಮಕ್ಸ್‌ನ ಅಸ್ಥಿರಾಶಿಗೆ ಹೋದ. 2000ಕ್ಕೂ ಹೆಚ್ಚು ತಲೆಬುರುಡೆಗಳ ಕೆಳದವಡೆಗಳನ್ನು ಕೈಯಲ್ಲಿ ಹಿಡಿದು ನೋಡಿದ. ಒಂದರಲ್ಲೂ ಜೋಡಣೆಯ ಗುರುತಿರಲಿಲ್ಲ. ತನ್ನ ಕಣ್ಣೊಂದನ್ನೇ ನಂಬದೆ ಬೇರೆಯವರಿಂದಲೂ ಪರೀಕ್ಷೆ ಮಾಡಿಸಿದ. ಗ್ಯಾಲೆನ್ ಎಷ್ಟೇ ಎಚ್ಚರದವನಾದರೂ ಅವನ ಮಾತಿಗಿಂತ ಇಂದ್ರಿಯಗಳ ಸಾಕ್ಷ್ಯವೇ ದೊಡ್ಡದು ಎಂಬ ಅರ್ಥದಲ್ಲಿ ಬರೆದ. ಆ ಪುಸ್ತಕ ಯುರೋಪನ್ನು ತಲುಪಿದ್ದು ಬಹಳ ತಡವಾಗಿ.

ಅಷ್ಟರಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಮನುಷ್ಯನ ಹೆಣವನ್ನು ಕೊಯ್ಯುವುದು ಶುರುವಾಗಿತ್ತು. ಆದರೆ ಪ್ರಾಧ್ಯಾಪಕರು ಎತ್ತರದ ಪೀಠದಲ್ಲಿ ಕೂತು ಪುಸ್ತಕ ಓದುವರು, ಕೆಳಗೆ ಕ್ಷೌರಿಕ ಕೊಯ್ಯುವನು. ಓದುವವನು ನೋಡುತ್ತಿರಲಿಲ್ಲ, ನೋಡುವವನು ಓದಿರಲಿಲ್ಲ.

ಬ್ರಸೆಲ್ಸ್‌ನಲ್ಲಿ 1514ರಲ್ಲಿ ಹುಟ್ಟಿದ ಆಂಡ್ರಿಯಾಸ್ ವೆಸಾಲಿಯಸ್ ಪೀಠ ಬಿಟ್ಟು ಕೆಳಗಿಳಿದು ತಾನೇ ಕತ್ತಿ ಹಿಡಿದ. ಆದರೆ ಅವನಿಗೂ ಕಣ್ಣು ಒಂದೇ ದಿನದಲ್ಲಿ ತೆರೆಯಲಿಲ್ಲ. 1538ರಲ್ಲಿ ಪಡುವಾದಲ್ಲಿದ್ದಾಗ ಅವನು ಅಚ್ಚು ಹಾಕಿಸಿದ ಚಿತ್ರಗಳಲ್ಲಿ ಮನುಷ್ಯನ ಯಕೃತ್ತಿಗೆ ಐದು ಎಸಳುಗಳಿವೆ. ಮಿದುಳಿನ ಬುಡದಲ್ಲಿ ರಕ್ತನಾಳಗಳ ಒಂದು ಸೊಗಸಾದ ಬಲೆಯೂ ಇದೆ. ಆ ಬಲೆ ಕುರಿ, ಎತ್ತುಗಳಲ್ಲಿ ಉಂಟು, ಮನುಷ್ಯನಲ್ಲಿ ಇಲ್ಲ. ಪಾಠದ ದಿನ ಮನುಷ್ಯನ ತಲೆಯಲ್ಲಿ ಅದು ಸಿಗುವುದಿಲ್ಲವೆಂದು ಗೊತ್ತಿದ್ದು, ತೋರಿಸಲು ಪಕ್ಕದಲ್ಲಿ ಕುರಿಯದೋ ಎತ್ತಿನದೋ ತಲೆಯೊಂದನ್ನು ಇಟ್ಟುಕೊಳ್ಳುತ್ತಿದ್ದನಂತೆ. ಇದನ್ನು ಆಮೇಲೆ ಅವನೇ ನಾಚಿಕೆಯಿಂದ ಒಪ್ಪಿಕೊಂಡ.

1540ರಲ್ಲಿ ಬೊಲೊನ್ಯಾದಲ್ಲಿ ಪಾಠ ಮಾಡಲು ಹೋದಾಗ ಅವನು ಎರಡು ಅಸ್ಥಿಪಂಜರಗಳನ್ನು ಜೋಡಿಸಿ ಅಕ್ಕಪಕ್ಕ ನಿಲ್ಲಿಸಿದ: ಒಂದು ಮನುಷ್ಯನದು, ಇನ್ನೊಂದು ಕೋತಿಯದು. ಕೋತಿಯ ಸೊಂಟದ ಬೆನ್ನುಮಣಿಗಳಲ್ಲಿ ಮುಳ್ಳಿನಂಥ ಒಂದು ಸಣ್ಣ ಚಾಚು ಕಂಡಿತು. ಗ್ಯಾಲೆನ್ ಅದನ್ನು ಅಚ್ಚುಕಟ್ಟಾಗಿ ವರ್ಣಿಸಿದ್ದ. ಪಕ್ಕದ ಮನುಷ್ಯನ ಬೆನ್ನಿನಲ್ಲಿ ಅದು ಇರಲಿಲ್ಲ. ಅಲ್ಲಿಗೆ ಒಗಟು ಬಿಡಿಸಿಕೊಂಡಿತು. ಗ್ಯಾಲೆನ್ ತಪ್ಪು ನೋಡಿರಲಿಲ್ಲ, ಸರಿಯಾಗಿಯೇ ನೋಡಿದ್ದ. ನೋಡಿದ್ದು ಬೇರೆ ಪ್ರಾಣಿಯನ್ನು. ಏಳು ತುಂಡಿನ ಎದೆಮೂಳೆ ಕೋತಿಯದು (ಬೆಳೆದ ಮನುಷ್ಯನಲ್ಲಿ ಮೂರೇ ಭಾಗ), ಎರಡು ಹೋಳಿನ ದವಡೆ ನಾಯಿ, ಕುರಿಗಳ ಕಡೆಯದು. ಶತಮಾನಗಳಿಂದ ವೈದ್ಯರು ಮನುಷ್ಯನೆಂದು ಓದುತ್ತಿದ್ದದ್ದು ನಾಲ್ಕಾರು ಪ್ರಾಣಿಗಳ ಮೂಳೆ ಸೇರಿಸಿದ ಒಂದು ದೇಹವನ್ನು.

1543ರಲ್ಲಿ ಬಾಸೆಲ್‌ನಲ್ಲಿ ವೆಸಾಲಿಯಸ್‌ನ 'ಫ್ಯಾಬ್ರಿಕಾ' ಅಚ್ಚಾದಾಗ ಅವನಿಗೆ ಇನ್ನೂ 28. ಪ್ಯಾರಿಸ್ಸಿನಲ್ಲಿ ಅವನಿಗೆ ಪಾಠ ಹೇಳಿದ್ದ ಗುರು ಸಿಲ್ವಿಯಸ್ ಕೆಂಡವಾದ. 1551ರಲ್ಲಿ ಶಿಷ್ಯನ ವಿರುದ್ಧ ಪುಸ್ತಕವನ್ನೇ ಬರೆದು, ಅವನ ಹೆಸರನ್ನು 'ಹುಚ್ಚ' ಎಂಬ ಅರ್ಥ ಬರುವಂತೆ ತಿರುಚಿದ, ಅವನನ್ನು ಶಿಕ್ಷಿಸಬೇಕೆಂದು ಚಕ್ರವರ್ತಿಯನ್ನು ಕೇಳಿಕೊಂಡ. ಅವನ ವಾದ ಇದು: ಗ್ಯಾಲೆನ್ ತಪ್ಪಿಲ್ಲ, ಆ ಕಾಲದಿಂದ ಈಚೆಗೆ ಮನುಷ್ಯರ ದೇಹವೇ ಕೆಟ್ಟು ಬದಲಾಗಿದೆ. ಪುಸ್ತಕವನ್ನು ಉಳಿಸಲು ದೇಹವನ್ನೇ ತಪ್ಪಿತಸ್ಥನಾಗಿಸಿದ ವಾದ. ಗುರುವಿನ ಸಿಟ್ಟಿಗೆ ಬೇರೊಂದು ಕಾರಣವೂ ಇದ್ದಿರಬಹುದು. ಜೀವನವಿಡೀ ಕಲಿಸಿದ್ದು ಕೋತಿಯ ಪಾಠವೆಂದು ಮುದಿ ವಯಸ್ಸಿನಲ್ಲಿ ಒಪ್ಪುವುದು ಸುಲಭವಲ್ಲ. ಅಂದಹಾಗೆ, ವೆಸಾಲಿಯಸ್‌ನ ಆ ಮಹಾಗ್ರಂಥದಲ್ಲೂ ಮೂತ್ರಪಿಂಡದ ಚಿತ್ರ ನಾಯಿಯದ್ದೇ.

ವ್ಯತ್ಯಾಸ ಗೊತ್ತಾದ ಮೇಲೆಯೇ ಸಾಮ್ಯ ಸರಿಯಾಗಿ ಕಾಣತೊಡಗಿತು. 1555ರಲ್ಲಿ ಪಿಯೇರ್ ಬೆಲೊನ್ ಎಂಬ ಫ್ರೆಂಚ್ ವಿದ್ವಾಂಸ ಹಕ್ಕಿಗಳ ಕುರಿತ ತನ್ನ ಪುಸ್ತಕದಲ್ಲಿ ಮನುಷ್ಯನ ಮತ್ತು ಹಕ್ಕಿಯ ಅಸ್ಥಿಪಂಜರಗಳನ್ನು ಎದುರುಬದುರು ಅಚ್ಚು ಹಾಕಿಸಿ, ಒಂದೊಂದು ಮೂಳೆಗೂ ಎರಡೂ ಕಡೆ ಅದೇ ಅಕ್ಷರ ಗುರುತು ಕೊಟ್ಟ. ಹಾಗೆ ಹೋಲಿಸಿ ನೋಡಿದರೆ ಕೋಳಿಯ ಕಾಲು ಹಿಂದಕ್ಕೆ ಮಡಚುವ ಮಂಡಿಯ ಗೊಂದಲ ತೀರುತ್ತದೆ. ಅದು ಮಂಡಿಯಲ್ಲ, ಪಾದದ ಕೀಲು. ನಿಜವಾದ ಮಂಡಿ ಮೇಲೆ ಪುಕ್ಕದೊಳಗೆ ಅಡಗಿದೆ, ನಮ್ಮದರಂತೆಯೇ ಮುಂದಕ್ಕೆ ಬಾಗಿದೆ. ಕುದುರೆಯ ಮುಂಗಾಲಿನ 'ಮಂಡಿ' ಮಣಿಕಟ್ಟು. ಅದರ ಕೆಳಗಿರುವುದೆಲ್ಲ ಒಂದೇ ಒಂದು ನಡುಬೆರಳು, ಗೊರಸು ಆ ಬೆರಳಿನ ಉಗುರು.

ಆದರೂ ಮನುಷ್ಯನನ್ನು ಬೇರೆಯಾಗಿ ನಿಲ್ಲಿಸುವ ಒಂದು ಮೂಳೆ ಬೇಕಿತ್ತು. 18ನೆಯ ಶತಮಾನದಲ್ಲಿ ಸಿಕ್ಕಿತು ಅಂದುಕೊಂಡರು. ಪ್ರಾಣಿಗಳಲ್ಲಿ ಮೇಲಿನ ಬಾಚಿಹಲ್ಲುಗಳು ಕೂತಿರುವ ಪುಟ್ಟ ಮೂಳೆಯೊಂದಿದೆ. ಕೋತಿಯಲ್ಲೂ ಇದೆ, ಮನುಷ್ಯನಲ್ಲಿ ಕಾಣದು. ಗ್ಯಾಲೆನ್ ಅದನ್ನೂ ಮನುಷ್ಯನ ಲೆಕ್ಕಕ್ಕೆ ಸೇರಿಸಿದ್ದ, ವೆಸಾಲಿಯಸ್ ತೆಗೆದುಹಾಕಿದ್ದ. ಮನುಷ್ಯನಿಗೂ ವಾನರನಿಗೂ ನಡುವಿನ ಗಡಿಯೇ ಅದು ಎಂದು ಹೆಸರಾಂತ ಅಂಗರಚನಾ ತಜ್ಞರು ವಾದಿಸಿದರು. 1784ರ ಮಾರ್ಚಿನಲ್ಲಿ ಯೇನಾ ನಗರದಲ್ಲಿ ಒಬ್ಬ ಕವಿ ತಲೆಬುರುಡೆಗಳನ್ನು ಹೋಲಿಸುತ್ತ ಕೂತು ಮನುಷ್ಯನಲ್ಲೂ ಅದರ ಗುರುತು ಕಂಡ. ಆ ಮೂಳೆ ನಮ್ಮಲ್ಲೂ ಹುಟ್ಟುತ್ತದೆ, ಆದರೆ ಬಹಳ ಬೇಗ ಅಕ್ಕಪಕ್ಕಕ್ಕೆ ಬೆಸೆದುಹೋಗುತ್ತದೆ, ಎಳೆಯರ ಅಂಗುಳಿನಲ್ಲಿ ಮಾತ್ರ ಕೂಡುಗೆರೆ ಉಳಿದಿರುತ್ತದೆ. ಅವನಿಗೆ ಗೊತ್ತಿಲ್ಲದೆ ಫ್ರಾನ್ಸಿನ ವಿಕ್ ದಜೀರ್ ಕೆಲವು ವರ್ಷ ಮೊದಲೇ ಅದನ್ನು ಕಂಡಿದ್ದ.

ಆ ಕವಿ ಗಯಟೆ. ತಜ್ಞರು ಅವನ ಮಾತನ್ನು ಬೇಗ ಒಪ್ಪಲಿಲ್ಲ, ಲೇಖನ ಅಚ್ಚಾಗಿದ್ದು 1820ರಲ್ಲಿ. ಅದೇ 1784ರಲ್ಲಿ ಅವನು ಇನ್ನಷ್ಟು ಹೋಲಿಕೆಗಾಗಿ ಆನೆಯ ತಲೆಬುರುಡೆಯೊಂದನ್ನು ಎರವಲು ತರಿಸಿದ್ದ. ಜನ ತನ್ನನ್ನು ಹುಚ್ಚನೆಂದಾರೆಂದು ಅದನ್ನು ಒಳಗಿನ ಕೋಣೆಯಲ್ಲಿ ಬಚ್ಚಿಟ್ಟಿದ್ದ. ಆ ದೊಡ್ಡ ಪೆಟ್ಟಿಗೆಯಲ್ಲಿ ಪಿಂಗಾಣಿ ಸಾಮಾನಿದೆ ಎಂದು ಮನೆಯೊಡತಿ ತಿಳಿದಿದ್ದಳು.