ಸೀಟು ಬೇಡವೆಂದ ಬಿಷಪ್

ಮಧ್ಯಯುಗದ ಜರ್ಮನಿಯಲ್ಲಿ ಆರ್ಚ್‌ಬಿಷಪ್ ಅಂದರೆ ಅರ್ಧ ಗುರು, ಅರ್ಧ ರಾಜ. ಮೈಂಜ್, ಕೊಲೋನ್, ಟ್ರಿಯರ್ ನಗರಗಳ ಆರ್ಚ್‌ಬಿಷಪ್ಪರಿಗೆ ಸ್ವಂತ ಸೀಮೆ, ಸೈನ್ಯ, ಕಂದಾಯ ಎಲ್ಲವೂ ಇದ್ದವು. ಚಕ್ರವರ್ತಿಯನ್ನು ಆರಿಸುವ ಏಳು ಮಂದಿಯಲ್ಲಿ ಈ ಮೂವರೂ ಇದ್ದರು. 1356ರ ಶಾಸನ ಅದನ್ನು ಕಾಯಂ ಮಾಡಿತು. ನಮ್ಮ ಗದ್ವಾಲ ಕೋಟೆಯಲ್ಲಿ ದೊರೆಯ ಬದಲು ಬಿಷಪ್ಪರು ಕೂತಂತೆ ಅಂದುಕೊಳ್ಳಿ.

ನಮ್ಮ ತೆಲಂಗಾಣದಲ್ಲೂ ಒಬ್ಬ ದೊಡ್ಡ ಬಿಷಪ್ ಆಗಿಹೋದರು. ಅವರಿಗೆ ಕೋಟೆ ಇರಲಿಲ್ಲ. ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಕಡೆ. 1909ರಲ್ಲಿ ನಿಜಾಮರ ರಾಜ್ಯದ ಡೋರ್ನಕಲ್‌ಗೆ ಮಿಷನರಿಯಾಗಿ ಬಂದರು. ತಮಿಳರಾದ ಅವರು ಇಲ್ಲಿ ತೆಲುಗಿನಲ್ಲಿ ಸೇವೆ ಮಾಡಿದರು. 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ಅವರಿಗೆ ಬಿಷಪ್ ಅಭಿಷೇಕವಾಯಿತು. ಆಂಗ್ಲಿಕನ್ ಸಭೆಗೆ ಅವರೇ ಮೊದಲ ಭಾರತೀಯ ಬಿಷಪ್. ಅವರ ಕಾಲದಲ್ಲಿ ಆ ಡಯಾಸಿಸ್ಸಿನ ವಿಶ್ವಾಸಿಗಳು ಎರಡು ಲಕ್ಷ ದಾಟಿದರು. ಹೆಚ್ಚಿನವರು ಮಾಲ, ಮಾದಿಗ ಕೇರಿಗಳ ಬಡವರು.

ಮಕ್ತಲ್, ನಾರಾಯಣಪೇಟೆ ಕಡೆಗೆ ಸುವಾರ್ತೆ ಬಂದದ್ದು ಬೇರೆ ಮಿಷನ್‌ಗಳಿಂದ. ಆದ್ದರಿಂದ ಅಜರಯ್ಯನವರ ಹೆಸರು ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಕೇಳಿಬರಬೇಕಿತ್ತು, 1932ರ ಕಾರಣಕ್ಕಾದರೂ.

ಆ ವರ್ಷ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯ ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ಕ್ರೈಸ್ತರ ಸೀಟಿಗೆ ಕ್ರೈಸ್ತರದೇ ಓಟು. ಎರಡು ಲಕ್ಷ ಜನರ ಬಿಷಪ್‌ಗೆ ಇದಕ್ಕಿಂತ ಸುಲಭದ ಅಧಿಕಾರ ಬೇಕೇ? ಅಜರಯ್ಯನವರು ಬಹಿರಂಗವಾಗಿ ವಿರೋಧಿಸಿದರು. ಸಭೆ ಅಂದರೆ ಎಲ್ಲ ಜಾತಿಯವರಿಗೂ ಬಾಗಿಲು ತೆರೆದ ಕ್ರಿಸ್ತನ ಕುಟುಂಬ. ಅದಕ್ಕೆ ಬೇಲಿ ಹಾಕಿ ಸೀಟು ಕೊಟ್ಟರೆ ಅದೂ ಒಂದು ಜಾತಿಯಾಗುತ್ತದೆ. ಆಮೇಲೆ ಪ್ರತಿ ದೀಕ್ಷಾಸ್ನಾನವೂ ಜನರ ಕಣ್ಣಿಗೆ ಒಂದು ಓಟಾಗಿ ಕಾಣುತ್ತದೆ.

ಸೀಟು ಬೇಕೆಂದವರ ಭಯವೂ ಸುಳ್ಳಲ್ಲ. ನಮ್ಮಂಥ ಚಿಕ್ಕ ಸಮುದಾಯದ ಮಾತು ಯಾರು ಕೇಳುತ್ತಾರೆ? ಆದರೂ ನನಗೆ ಅಜರಯ್ಯನವರೇ ಸರಿ ಅನಿಸುತ್ತದೆ. ಈಗಲೂ ಚುನಾವಣೆ ಬಂದಾಗ ‘ನಿಮ್ಮ ಚರ್ಚಲ್ಲಿ ಎಷ್ಟು ಓಟು?’ ಎಂದು ಕೇಳುವವರಿದ್ದಾರಲ್ಲ!

ಸರ್ಕಾರ ಅವರ ಮಾತು ಕೇಳಲಿಲ್ಲ. 1937ರ ಚುನಾವಣೆ ಪ್ರತ್ಯೇಕ ಸೀಟುಗಳೊಂದಿಗೇ ನಡೆಯಿತು. 1945ರ ಜನವರಿ 1ರಂದು ಅಜರಯ್ಯನವರು ಪ್ರಭುವಿನಲ್ಲಿ ನಿದ್ರಿಸಿದರು. ನಾಲ್ಕು ವರ್ಷದ ನಂತರ, 1949ರ ಮೇ ತಿಂಗಳಲ್ಲಿ, ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸೀಟು ಬೇಡವೆಂಬ ನಿರ್ಣಯ ಸಂವಿಧಾನ ಸಭೆಯ ಸಲಹಾ ಸಮಿತಿಯ ಮುಂದೆ ಬಂತು. ಅದನ್ನು ಮಂಡಿಸಿದವರು ಹರೇಂದ್ರ ಕುಮಾರ್ ಮುಖರ್ಜಿ, ಬಂಗಾಳದ ಒಬ್ಬ ಕ್ರೈಸ್ತರು.